ಶಾಲೆಯ ಹೊಸ್ತಿಲು: ಧಾರವಾಡದಿಂದ ನಾಸಿಕದವರೆಗೆ

ಮಗುವನ್ನು ಶಾಲೆಗೆ ಸೇರಿಸಲು ಅರ್ಜಿ ಹಾಕಿ, ಪಟ್ಟಿಗಾಗಿ ಕಾದು, ಕೊನೆಗೆ ಬರಿಗೈಯಲ್ಲಿ ಮರಳುವ ಸಂಕಟ ಇಂದಿನ ಮಹಾನಗರಗಳದ್ದೇ ಎಂದು ನಾವು ಭಾವಿಸುತ್ತೇವೆ. ಆದರೆ ಭಾರತದ ಶಿಕ್ಷಣ ಚರಿತ್ರೆಯಲ್ಲಿ ಬಹುವಾಗಿ ಚರ್ಚಿತವಾದ ಪ್ರವೇಶದ ಅರ್ಜಿಯೊಂದು ಕನ್ನಡ ನೆಲದ್ದು. 1856ರ ಜೂನ್ ತಿಂಗಳಲ್ಲಿ ಮಹಾರ್ ಸಮುದಾಯದ ಬಾಲಕನೊಬ್ಬ, ಧಾರವಾಡದ ಸರ್ಕಾರಿ ಶಾಲೆಯಲ್ಲಿ ತನಗೆ ಪ್ರವೇಶ ನಿರಾಕರಿಸಲಾಗಿದೆ ಎಂದು ಮುಂಬಯಿ ಸರ್ಕಾರಕ್ಕೆ ಮನವಿ ಸಲ್ಲಿಸಿದ.

ಜುಲೈ 21ರಂದು ಸರ್ಕಾರ ಕೊಟ್ಟ ಉತ್ತರ ಗಮನಾರ್ಹವಾದುದು. ನ್ಯಾಯ ಬಾಲಕನ ಕಡೆಗಿದೆ ಎಂಬುದನ್ನು ಅದು ಅಲ್ಲಗಳೆಯಲಿಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ತಲತಲಾಂತರದ ಪೂರ್ವಗ್ರಹಗಳನ್ನು ಒಮ್ಮೆಲೇ ಕೆಣಕಿದರೆ ಒಟ್ಟು ಶಿಕ್ಷಣಕ್ಕೇ ಹಾನಿಯಾದೀತು ಎಂದು ವಾದಿಸಿತು. ಕಂಪನಿಯ ನಿರ್ದೇಶಕ ಮಂಡಳಿ ಇದನ್ನು ಒಪ್ಪಲಿಲ್ಲ. ಸರ್ಕಾರಿ ಶಾಲೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು ಎಂದು 1858ರಲ್ಲಿ ಸ್ಪಷ್ಟಪಡಿಸಿತು. ಆ ತತ್ತ್ವ ಕಾಗದದ ಮೇಲೆ ಉಳಿದದ್ದೇ ಹೆಚ್ಚು. 1923ರಲ್ಲಿಯೂ, ಸಾರ್ವಜನಿಕ ಬಾವಿ, ಧರ್ಮಶಾಲೆಗಳೊಂದಿಗೆ ಶಾಲೆಗಳನ್ನೂ ಅಸ್ಪೃಶ್ಯರಿಗೆ ಮುಕ್ತಗೊಳಿಸಬೇಕೆಂದು ಎಸ್. ಕೆ. ಬೋಳೆಯವರು ಮುಂಬಯಿ ವಿಧಾನ ಪರಿಷತ್ತಿನಲ್ಲಿ ಗೊತ್ತುವಳಿ ತರಬೇಕಾಯಿತು.

ನಾಸಿಕ ಅಂದು ಧಾರವಾಡದಂತೆಯೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಇಂದು ಛತ್ರಪತಿ ಸಂಭಾಜಿನಗರವೆನಿಸಿರುವ ಔರಂಗಾಬಾದು ಕಲಬುರಗಿ, ಬೀದರ, ರಾಯಚೂರುಗಳ ಜೊತೆ ನಿಜಾಮರ ಆಳ್ವಿಕೆಯಲ್ಲಿತ್ತು. ಈ ಎರಡೂ ಸೀಮೆಗಳಲ್ಲಿ ಖಾಸಗಿ ಶಾಲೆ ಎಂಬ ಮಾತಿಗೆ ಇಂದಿನ ಅರ್ಥವಿರಲಿಲ್ಲ. ಬಹುಜನರ ಮಕ್ಕಳಿಗೆ ವಿದ್ಯೆ ಮುಟ್ಟಿಸಲು ನಾಸಿಕದಲ್ಲಿ 1914ರಲ್ಲಿ ಮರಾಠಾ ವಿದ್ಯಾ ಪ್ರಸಾರಕ ಸಮಾಜ ಹುಟ್ಟಿತು. ಉರ್ದು ರಾಜಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ದೇಶಭಾಷೆಯ ಮಕ್ಕಳಿಗೆ ಆಸರೆಯಾಗಿ ಕಲಬುರಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯ ತಲೆಯೆತ್ತಿತು. ಔರಂಗಾಬಾದಿನಲ್ಲಿ 1915ರಲ್ಲಿ ಸರಸ್ವತಿ ಭುವನ ಆರಂಭವಾಯಿತು. ಸರ್ಕಾರ ಮಾಡದಿದ್ದುದನ್ನು ಮಾಡಲು, ಬಾಗಿಲನ್ನು ಅಗಲಗೊಳಿಸಲು ಹುಟ್ಟಿದ ಖಾಸಗಿ ಸಂಸ್ಥೆಗಳಿವು.

ಅಂಬೇಡ್ಕರರ ಬದುಕೂ ಈ ಎರಡು ಊರುಗಳನ್ನು ಹೀಗೆಯೇ ಬೆಸೆಯುತ್ತದೆ. 1930ರ ಮಾರ್ಚ್ 2ರಂದು ಅವರು ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ಆರಂಭಿಸಿದರು. ವರ್ಷಗಟ್ಟಲೆ ನಡೆದರೂ ಆ ಬಾಗಿಲು ತೆರೆಯಲಿಲ್ಲ. ಎರಡು ದಶಕಗಳ ಬಳಿಕ ಔರಂಗಾಬಾದಿನಲ್ಲಿ ಅವರು ತಾವೇ ಒಂದು ಬಾಗಿಲನ್ನು ಕಟ್ಟಿದರು. ಅವರ ಪೀಪಲ್ಸ್ ಎಜುಕೇಷನ್ ಸೊಸೈಟಿ 1950ರಲ್ಲಿ ಅಲ್ಲಿ ಸ್ಥಾಪಿಸಿದ ಕಾಲೇಜು ಮುಂದೆ ಮಿಲಿಂದ ಎಂಬ ಹೆಸರು ಪಡೆಯಿತು.

ಇಂಥ ಪರಂಪರೆಯಿದ್ದ ಊರುಗಳಲ್ಲಿಯೇ ಖಾಸಗಿ ಶಾಲೆಯ ಅರ್ಥ ತಿರುವುಮುರುವಾಯಿತು. ಅನುದಾನರಹಿತ ಇಂಗ್ಲಿಷ್ ಮಾಧ್ಯಮ ಶಾಲೆಗಳು ಹೆಚ್ಚಿದಂತೆ ಶುಲ್ಕ, ವಂತಿಗೆ, ಸಂದರ್ಶನಗಳು ಹೊಸ ಅಗುಳಿಗಳಾದವು. ಮೂರು ವರ್ಷದ ಕೂಸನ್ನು ಪರೀಕ್ಷಿಸಿ ನರ್ಸರಿಗೆ ಆರಿಸುವ ಪದ್ಧತಿ ನಿಲ್ಲಬೇಕೆಂದು ಯಶಪಾಲ್ ಸಮಿತಿ 1993ರಲ್ಲಿಯೇ ಹೇಳಿತು. ಅದಕ್ಕೆ ರಾಷ್ಟ್ರಮಟ್ಟದ ಕಾನೂನಿನ ಬಲ ದೊರೆತದ್ದು 2010ರ ಏಪ್ರಿಲ್ 1ರಂದು ಶಿಕ್ಷಣ ಹಕ್ಕು ಕಾಯಿದೆ ಜಾರಿಗೆ ಬಂದಾಗ. ಅದರ 13ನೆಯ ಕಲಮು ವಂತಿಗೆಯನ್ನೂ ಮಗುವನ್ನಾಗಲೀ ತಂದೆತಾಯಿಗಳನ್ನಾಗಲೀ ಪರೀಕ್ಷಿಸಿ ಸೋಸುವುದನ್ನೂ ನಿಷೇಧಿಸಿತು. ವಂತಿಗೆ ಪಡೆದರೆ ಅದರ ಹತ್ತು ಪಟ್ಟಿನವರೆಗೆ, ಸಂದರ್ಶನ ನಡೆಸಿದರೆ ಮೊದಲ ತಪ್ಪಿಗೆ 25,000 ರೂಪಾಯಿಯವರೆಗೆ ದಂಡ. 12ನೆಯ ಕಲಮು ಅನುದಾನರಹಿತ ಖಾಸಗಿ ಶಾಲೆಗಳೂ ಆರಂಭದ ತರಗತಿಯ ಶೇ. 25ರಷ್ಟು ಸೀಟುಗಳನ್ನು ನೆರೆಹೊರೆಯ ದುರ್ಬಲ ಮತ್ತು ಅವಕಾಶವಂಚಿತ ವರ್ಗಗಳ ಮಕ್ಕಳಿಗೆ ಉಚಿತವಾಗಿ ಕೊಡಬೇಕೆಂದಿತು. 2012ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 2014ರಲ್ಲಿ ಅಲ್ಪಸಂಖ್ಯಾತ ಸಂಸ್ಥೆಗಳನ್ನು ಕಾಯಿದೆಯಿಂದ ಹೊರಗಿಟ್ಟಿತು.

ಹೀಗೆ ನಾಸಿಕ, ಸಂಭಾಜಿನಗರಗಳಲ್ಲಿ ಆಯ್ಕೆಯ ಅಧಿಕಾರ ಕಾಲುಭಾಗದ ಮಟ್ಟಿಗೆ ಆಡಳಿತ ಮಂಡಳಿಯ ಕೈತಪ್ಪಿ ಆನ್‌ಲೈನ್ ಲಾಟರಿಗೆ ಹೋಯಿತು. ಲಾಟರಿ ಕುರುಡು, ಅದರ ಗುಣವೂ ಅದೇ. ಅದು ಅಪ್ಪನ ಉದ್ಯೋಗವನ್ನು ಕೇಳುವುದಿಲ್ಲ, ಅಮ್ಮನ ಇಂಗ್ಲಿಷನ್ನು ತೂಗುವುದಿಲ್ಲ. ಸರ್ಕಾರದಿಂದ ಬರಬೇಕಾದ ಶುಲ್ಕ ಮರುಪಾವತಿ ವರ್ಷಗಟ್ಟಲೆ ಬಾಕಿ ಉಳಿಯುತ್ತದೆ ಎಂಬ ಶಾಲೆಗಳ ದೂರಿನಲ್ಲಿಯೂ ಹುರುಳಿದೆ. ಆದರೆ ಸರ್ಕಾರ ಆ ಸಮಸ್ಯೆಗೆ ಕಂಡುಕೊಂಡ ಪರಿಹಾರ ಬೇರೆಯಾಗಿತ್ತು. 2024ರ ಫೆಬ್ರವರಿ 9ರ ಅಧಿಸೂಚನೆ, ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಶೇ. 25ರ ಹೊಣೆಯಿಲ್ಲ ಎಂದಿತು. ನಗರದಲ್ಲಿ ಒಂದು ಕಿಲೋಮೀಟರ್ ಸುತ್ತಳತೆಯಲ್ಲಿ ಅಂಥ ಶಾಲೆಯಿಲ್ಲದ ಜಾಗ ವಿರಳ. ಆದ್ದರಿಂದ ವಿನಾಯಿತಿಯೇ ನಿಯಮವಾಯಿತು. ಮೇ 6ರಂದು ಮುಂಬಯಿ ಉಚ್ಚ ನ್ಯಾಯಾಲಯ ಅದಕ್ಕೆ ತಡೆ ನೀಡಿತು, ಜುಲೈ 19ರಂದು ರದ್ದುಪಡಿಸಿತು. ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಮಧ್ಯಪ್ರವೇಶಿಸಲು ಒಪ್ಪಲಿಲ್ಲ.

ಇಲ್ಲಿ ಕನ್ನಡಿಗರು ತಲೆತಗ್ಗಿಸುವ ಸಂಗತಿಯೊಂದಿದೆ. ಸರ್ಕಾರಿ ಶಾಲೆ ಹತ್ತಿರವಿದ್ದರೆ ಖಾಸಗಿ ಶಾಲೆಗೆ ಮಕ್ಕಳನ್ನು ಕಳಿಸುವುದಿಲ್ಲವೆಂಬ ನಿಯಮವನ್ನು ಮಹಾರಾಷ್ಟ್ರಕ್ಕಿಂತ ಐದು ವರ್ಷ ಮೊದಲೇ, 2019ರಲ್ಲಿ, ಕರ್ನಾಟಕ ತಂದಿತ್ತು. ಅಲ್ಲಿಯ ಉಚ್ಚ ನ್ಯಾಯಾಲಯ ಅದನ್ನು ಮಾನ್ಯ ಮಾಡಿತು. ಸರ್ಕಾರಿ ಶಾಲೆಗಳನ್ನು ಉಳಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಅದರ ಭಾರವನ್ನು ಬಡವರ ಮಕ್ಕಳಷ್ಟೇ ಏಕೆ ಹೊರಬೇಕು? ಉಳ್ಳವರ ಮಗುವಿಗೆ ಕಿಲೋಮೀಟರಿನ ಲೆಕ್ಕ ಅನ್ವಯಿಸುವುದಿಲ್ಲ. ಒಟ್ಟು ಶಿಕ್ಷಣದ ಹಿತಕ್ಕಾಗಿ ನೀನು ಹೊರಗಿರು ಎಂಬ 1856ರ ಮಾತು ಇಲ್ಲಿ ಜಾತಿಯ ಹೆಸರಿಲ್ಲದೆ ಮತ್ತೆ ಕೇಳಿಸುತ್ತದೆ.

ಹೊರನಾಡಿನಲ್ಲಿರುವ ನಮಗೆ ಇದು ಬರಿಯ ಚರಿತ್ರೆಯಲ್ಲ. ಕಲಬುರಗಿ, ಬೀದರಗಳಿಂದ ಬಂದು ಈ ನಗರಗಳಲ್ಲಿ ದುಡಿಯುವ ಪರಿಶಿಷ್ಟ ಕುಟುಂಬ ಕರ್ನಾಟಕದಲ್ಲಿ ಪಡೆದ ಜಾತಿ ಪ್ರಮಾಣಪತ್ರ ಮಹಾರಾಷ್ಟ್ರದ ಈ ಅರ್ಜಿಯಲ್ಲಿ ನಡೆಯುವುದಿಲ್ಲ. ಅಂಥವರಿಗೆ ಉಳಿಯುವ ಮುಖ್ಯ ದಾರಿ, ವರಮಾನ ಒಂದು ಲಕ್ಷ ರೂಪಾಯಿಗಿಂತ ಕಡಿಮೆ ಎಂಬ ದಾಖಲೆ. ಅದಕ್ಕೆ ತಹಸೀಲ ಕಚೇರಿಗೆ ಅಲೆಯಬೇಕು, ಬಾಡಿಗೆ ಮನೆಯ ವಿಳಾಸಕ್ಕೆ ಪುರಾವೆ ತರಬೇಕು, ಮರಾಠಿ ಸೂಚನೆಗಳನ್ನು ಓದಿ ಅರ್ಥ ಮಾಡಿಕೊಳ್ಳಬೇಕು. ಧಾರವಾಡದ ಬಾಲಕನ ಪರವಾಗಿ ಅಂದು ಊರಿನ ಬಲ್ಲವರು ಎಷ್ಟು ಮಂದಿ ನಿಂತಿದ್ದರೋ ಕಾಣೆವು. ಇಂದು ಅರ್ಜಿಯ ದಿನಗಳು ಬಂದಾಗ, ರಾಜ್ಯೋತ್ಸವಕ್ಕೆ ಸೇರುವ ನಮ್ಮ ಸಂಘಗಳ ಇಬ್ಬರು ಮೂವರಾದರೂ ಇಂಥ ತಾಯಂದಿರ ಪಕ್ಕದಲ್ಲಿ ಕುಳಿತು ಅರ್ಜಿ ತುಂಬಿಕೊಟ್ಟರೆ, ಆ ಹಳೆಯ ಅರ್ಜಿಗೆ ನಾವು ಸಲ್ಲಿಸಬಹುದಾದ ಉತ್ತರ ಅದೇ.