ಹದಿನಾರು ಓಟಿನ ರಾತ್ರಿ

ಗುಡೇಮಾರನಹಳ್ಳಿಯ ಹುಡುಗ ಸೈನ್ಯದಲ್ಲಿದ್ದರೆ ಗಡಿಯಿಂದಲೇ ಅಂಚೆ ಮತ ಹಾಕಬಹುದು. 2003ರಿಂದ, ಊರಲ್ಲಿರೋ ನಂಬಿಕಸ್ತರ ಕೈಲಿ ಹಾಕಿಸಲೂಬಹುದು. ಬೆಂಗಳೂರಲ್ಲಿ ದುಡಿಯೋ ನೀವು ಮಾತ್ರ ಬಸ್ಸು ಹತ್ತಲೇಬೇಕು.

2019ರಲ್ಲಿ 80 ದಾಟಿದವರಿಗೂ ಅಂಗವಿಕಲರಿಗೂ ಅಂಚೆ ಮತ ಸಿಕ್ಕಿತು. ಕೊರೊನಾ ಬಂತು ಅಂತ 2020ರ ಜೂನ್‌ನಲ್ಲಿ ವಯಸ್ಸನ್ನು 65ಕ್ಕೆ ಇಳಿಸಿದಾಗ ಕಾಂಗ್ರೆಸ್, ಸಿಪಿಎಂ ತಕರಾರು ತೆಗೆದವು. ಬಿಹಾರದಲ್ಲಿ ಅದನ್ನು ಜಾರಿ ಮಾಡದೆ ಆಯೋಗ ಹಿಂದೆ ಸರಿಯಿತು.

ಅಂಚೆ ಲಕೋಟೆಯ ಬೆಲೆ ಗೊತ್ತಾಗಿದ್ದು 2023ರ ಮೇನಲ್ಲಿ, ಜಯನಗರದಲ್ಲಿ. ಗೆದ್ದೇಬಿಟ್ಟರು ಅನ್ನಿಸಿದ್ದ ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ, ಮರುಎಣಿಕೆ ಮುಗಿಯೋ ಹೊತ್ತಿಗೆ ಬಿಜೆಪಿಯ ಸಿ.ಕೆ. ರಾಮಮೂರ್ತಿ ಎದುರು 16 ಮತಗಳಿಂದ ಸೋತಿದ್ದರು. ತಿರಸ್ಕರಿಸಿದ್ದ ಅಂಚೆ ಮತಗಳನ್ನ ಮತ್ತೆ ಕೈಗೆತ್ತಿಕೊಂಡಿದ್ದಕ್ಕೇ ಜಗಳ, ಕನಕಪುರದ ಡಿ.ಕೆ. ಶಿವಕುಮಾರ್ ಕೂಡ ಎಣಿಕೆ ಕೇಂದ್ರಕ್ಕೆ ಬಂದರು. ಹದಿನಾರು! ಮಾಗಡಿ ಬಸ್ಸಿನ ಅರ್ಧ ಸೀಟೂ ತುಂಬಲ್ಲ.