ಮಂಗನ ಕಾಯಿಲೆ
ಮಂಗನ ಕಾಯಿಲೆ (ಕ್ಯಾಸನೂರು ಕಾಡಿನ ಕಾಯಿಲೆ): ಉಣುಗುಗಳ ಕಡಿತದಿಂದ ಮನುಷ್ಯರಿಗೆ ತಗಲುವ ವೈರಸ್ ರೋಗ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಹಳ್ಳಿಗರು ಜ್ವರಕ್ಕೆ ತುತ್ತಾದಾಗ ಪತ್ತೆಯಾಯಿತು. ಡೆಂಗಿ ವೈರಸ್ ಸೇರಿದ ಫ್ಲೇವಿವೈರಸ್ ಗುಂಪಿಗೇ ಇದರ ವೈರಸ್ಸೂ ಸೇರಿದೆ.

ಹರಡುವಿಕೆ: ಇಲಿ, ಹೆಗ್ಗಣ ಮೊದಲಾದ ಸಣ್ಣ ಪ್ರಾಣಿಗಳು ಮತ್ತು ಉಣುಗುಗಳ ನಡುವೆ ವೈರಸ್ ಸುತ್ತುತ್ತಿರುತ್ತದೆ. ಮುಸಿಯ ಮತ್ತು ಕೆಂಪು ಮಂಗ ಸೋಂಕಿನಿಂದ ಸಾಯುತ್ತವೆ. ಸತ್ತ ಮಂಗದ ಮೈಬಿಟ್ಟ ಉಣುಗುಗಳು ಸುತ್ತಲಿನ ನೆಲಕ್ಕೆ ಹರಡುತ್ತವೆ. ಡಿಸೆಂಬರ್‌ನಿಂದ ಮೇವರೆಗೆ ಮರಿ ಉಣುಗುಗಳ ಕಾಟ ಹೆಚ್ಚು. ಕೊಟ್ಟಿಗೆಗೆ ದರಗು ಗುಡಿಸಲು, ಸೌದೆ ತರಲು ಕಾಡಿಗೆ ಹೋಗುವವರಿಗೇ ಅಪಾಯ ಅಧಿಕ. ಮನುಷ್ಯರಿಂದ ಮನುಷ್ಯರಿಗೆ ಹರಡದು.

ಲಕ್ಷಣ: ಕಡಿತದ 3–8 ದಿನಗಳ ಬಳಿಕ ಹಠಾತ್ ಚಳಿಜ್ವರ, ತಲೆನೋವು, ತೀವ್ರ ಮೈಕೈನೋವು, ಕೆಲವರಲ್ಲಿ ರಕ್ತಸ್ರಾವ. ರೋಗಿಗಳಲ್ಲಿ ಶೇ. 3–5ರಷ್ಟು ಮಂದಿ ಸಾಯುತ್ತಾರೆ.

ತಡೆ: ನಿರ್ದಿಷ್ಟ ಔಷಧವಿಲ್ಲ, ಬೇಗ ಆಸ್ಪತ್ರೆ ಸೇರಿದರೆ ಜೀವ ಉಳಿಯುವ ಸಾಧ್ಯತೆ ಹೆಚ್ಚು. ಉಣುಗುಗಳನ್ನು ದೂರವಿಡುವ ಡೆಪಾ ಎಣ್ಣೆ ಸವರಿ, ಮೈತುಂಬ ಬಟ್ಟೆ ತೊಟ್ಟು ಕಾಡಿಗೆ ಹೋಗಬೇಕು. ಮರಳಿದ ಮೇಲೆ ಬಿಸಿನೀರಲ್ಲಿ ಮೀಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು ಇಡೀ ಊರನ್ನು ಕಾಯುವ ಕೆಲಸ.