ಹಸ್ತ ಬಹಾರ್: ತೋಟದ ಲೆಕ್ಕ, ದಫ್ತರದ ಲೆಕ್ಕ

ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬೆಳೆಗಾರರ ಬಾಯಲ್ಲಿ ಸದಾ ಇರುವ ಮೂರು ಮಾತುಗಳಿವೆ: ಮೃಗ ಬಹಾರ್, ಹಸ್ತ ಬಹಾರ್, ಅಂಬೆ ಬಹಾರ್. ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸಿ, ಟೊಂಗೆ ಸವರಿ, ಎಲೆ ಉದುರಿಸಿ, ಆಮೇಲೆ ಗೊಬ್ಬರ ಮತ್ತು ನೀರು ಕೊಟ್ಟು ಒಮ್ಮೆಗೇ ಹೂ ಬಿಡಿಸುವ ಮೂರು ಹಂಗಾಮುಗಳ ಹೆಸರುಗಳಿವು. ಮೃಗಶಿರಾ ಮಳೆಯ ಜೂನ್‌ನದು ಮೊದಲನೆಯದು. ಹಸ್ತ ಮಳೆಯ ಸೆಪ್ಟೆಂಬರ್-ಅಕ್ಟೋಬರ್‌ನದು ಎರಡನೆಯದು. ಮಾವು ಹೂ ಬಿಡುವ ಜನವರಿ-ಫೆಬ್ರವರಿಯದು ಮೂರನೆಯದು. ಹಸ್ತ ಎಂಬುದು ಸಂಸ್ಕೃತದ ನಕ್ಷತ್ರ. ಬಹಾರ್ ಎಂಬುದು ಫಾರ್ಸಿಯ ವಸಂತ. ಎರಡನ್ನೂ ಯಾರು ಯಾವಾಗ ಜೋಡಿಸಿದರೆಂದು ಕೇಳುವ ಪುರುಸೊತ್ತು ರೈತನಿಗಿಲ್ಲ. ‘ರೈತ’ ಎಂಬ ಪದವೂ ಅರಬ್ಬಿಯ ‘ರಅಿಯ್ಯತ್’ನಿಂದ ಬಂದದ್ದೇ. ಕಾಯಲ್ಪಡುವ ಹಿಂಡು ಎಂಬುದು ಅದರ ಮೂಲ ಅರ್ಥ.

ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟಿತು. ಅದರ ತೋಟದ ನುಡಿ ಮಾತ್ರ ಅದಕ್ಕಿಂತ ಬಹಳ ಹಳೆಯದು. ಪಹಣಿಯನ್ನೇ ನೋಡಿ. ಖುಷ್ಕಿ, ತರಿ, ಬಾಗಾಯ್ತು ಎಂದು ಜಮೀನನ್ನು ಮೂರು ಮಾಡುತ್ತದೆ. ಖುಷ್ಕ್ ಎಂದರೆ ಒಣಗಿದ್ದು, ತರ್ ಎಂದರೆ ಹಸಿ, ಬಾಗ್ ಎಂದರೆ ತೋಟ. ತೋಟ ಕಾಯುವವ ಬಾಗ್‌ಬಾನ್. ನಮ್ಮ ಊರುಗಳಲ್ಲಿ ಅವನೇ ಬಾಗವಾನ. ಇಂದು ಬಾಗವಾನರೆಂದರೆ ಸಂತೆಯಲ್ಲಿ ಹಣ್ಣು, ಕಾಯಿಪಲ್ಲೆ ಮಾರುವವರೆಂದೇ ಹೆಚ್ಚಿನವರಿಗೆ ಗೊತ್ತು. ಹೆಸರಿನಲ್ಲಿ ಮಾತ್ರ ತೋಟ ಹಾಗೇ ಉಳಿದುಕೊಂಡಿದೆ.

ಈ ಪದಗಳೆಲ್ಲ ಪ್ರೀತಿಯಿಂದ ಬಂದವು ಎಂದು ಹೇಳಲು ನನಗೆ ಮನಸ್ಸಿಲ್ಲ. ಬಹುಪಾಲು ಬಂದದ್ದು ಕಂದಾಯದ ಬೆನ್ನು ಹತ್ತಿ. ಅದಕ್ಕೆ ಸಾಕ್ಷಿ ಹಂಗಾಮಿನ ಹೆಸರಿನಲ್ಲೇ ಇದೆ. ಮುಂಗಾರಿ, ಹಿಂಗಾರಿ ಎಂದು ಕನ್ನಡ ಹೆಸರಿಡುವುದು ಬಿತ್ತುವ ಮಳೆಯನ್ನು ನೋಡಿ. ಖರೀಫ್ ಎಂದರೆ ಅರಬ್ಬಿಯಲ್ಲಿ ಶರತ್ಕಾಲ, ರಬಿ ಎಂದರೆ ವಸಂತ. ಅವು ಕೊಯ್ಯುವ ಕಾಲದ ಹೆಸರುಗಳು. ಬಿಳಿಜೋಳ, ಕಡಲೆ, ಕುಸುಬಿಯನ್ನು ಎರೆಹೊಲಕ್ಕೆ ಬಿತ್ತುವವನ ಕಣ್ಣು ಮೋಡದ ಮೇಲಿದ್ದರೆ, ದಫ್ತರದ ಗುಮಾಸ್ತನ ಕಣ್ಣು ಕಣದ ರಾಶಿಯ ಮೇಲಿತ್ತು.

ಆದರೆ ಗುಮಾಸ್ತನಿಗೂ ಒಂದು ತೊಡಕಿತ್ತು. ಹಿಜರಿ ವರ್ಷ ಚಾಂದ್ರಮಾನದ್ದು, ಸುಮಾರು 354 ದಿನಗಳದ್ದು. ರಬೀವುಲ್ ಅವ್ವಲ್ ಹೆಸರಿನಲ್ಲೇ ವಸಂತವಿದ್ದರೂ ಅದು ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 33 ಬೆಳೆವರ್ಷ ಕಳೆಯುವಷ್ಟರಲ್ಲಿ ಹಿಜರಿಯಲ್ಲಿ 34 ವರ್ಷ ಕಳೆದಿರುತ್ತದೆ. ಹಿಜರಿ ಲೆಕ್ಕದಲ್ಲಿ ಕಂದಾಯ ಎತ್ತಿದರೆ ರೈತ ಒಂದು ವರ್ಷದ್ದನ್ನು ಬೆಳೆಯದೆಯೇ ಕಟ್ಟಬೇಕು. ಬಗ್ದಾದಿನಲ್ಲಿ ಇಂಥದೇ ಗೋಳು ಬೇರೆ ಬಗೆಯಲ್ಲಿ ಎದ್ದಿತ್ತು. ಕಂದಾಯ ಆರಂಭವಾಗುವ ನೌರೋಜ್ ದಿನ ಹಿಂದೆ ಹಿಂದೆ ಸರಿದು, ಬೆಳೆ ಹಸಿರಿರುವಾಗಲೇ ವಸೂಲಿಗೆ ಬರುವಂತಾಗಿತ್ತು. ಅಬ್ಬಾಸಿ ಖಲೀಫ ಮುಅ್‌ತದಿದ್ 895ರಲ್ಲಿ ಆ ದಿನವನ್ನು ಜೂನ್ 11ಕ್ಕೆ ಸರಿಸಿದ. ಹಿಂದುಸ್ತಾನದಲ್ಲಿ ಅಕ್ಬರ್ ಬೆಳೆಗೆ ಹೊಂದುವ ಫಸಲಿ ವರ್ಷ ತಂದ. ದಖ್ಖನಿಗೆ ಅದನ್ನು ತಂದದ್ದು 1636ರ ಸುಮಾರಿಗೆ ಶಾಹಜಹಾನ್. ಆಗ ಹಿಜರಿ 1046. ಅಲ್ಲಿಂದ ಎಣಿಕೆ ಸೂರ್ಯನ ಜೊತೆ ನಡೆದದ್ದರಿಂದ ಹೈದರಾಬಾದಿನ ಫಸಲಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ.

ನಿಜಾಮರ ಕಾಲದಲ್ಲಿ ಕುಷ್ಟಗಿ, ಗಂಗಾವತಿ ಸರಕಾರಿ ತಾಲೂಕುಗಳು. ಕೊಪ್ಪಳ, ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಹಗೀರು. ವಸೂಲಿ ಯಾರದಾದರೂ ಕಾಗದದ ಮೇಲಿನ ತಿಂಗಳುಗಳು ಒಂದೇ: ಅಕ್ಟೋಬರ್ ಮೊದಲ ವಾರ ಅಜುರ್, ಅಲ್ಲಿಂದ ದೈ, ಬಹಮನ್, ಇಸ್ಫಂದಾರ್, ಫರ್ವರ್ದಿ. ಇವು ಇರಾನಿನ ತಿಂಗಳುಗಳು. ಅಲ್ಲಿ ಫರ್ವರ್ದಿ ಹುಟ್ಟುವುದು ಮಾರ್ಚ್ 21ರ ಹೊತ್ತಿಗೆ, ನೌರೋಜ್‌ನೊಂದಿಗೆ. ಹೈದರಾಬಾದಿನಲ್ಲಿ ಅದು ಫೆಬ್ರವರಿ ಮೊದಲ ವಾರಕ್ಕೇ ಬಂದುಬಿಡುತ್ತಿತ್ತು. ಕೊಪ್ಪಳದ ಬಂಡೆಗಳ ನಡುವೆ ಚಳಿ ಕಾಲು ಕೀಳುವುದೂ ಆಗಲೇ. ಗುಮಾಸ್ತನ ವಸಂತ ಇರಾನಿಗಿಂತ ನಮ್ಮೂರಿಗೇ ಹೆಚ್ಚು ಹೊಂದಿತ್ತು! 1949ರಲ್ಲಿ ಜಹಗೀರುಗಳನ್ನು ರದ್ದುಪಡಿಸಿದ ಕಾನೂನಿನ ಹೆಸರಿನಲ್ಲೂ ಇದ್ದ ವರ್ಷ 1358 ಫಸಲಿ.

ರೈತರು ಅಜುರ್, ದೈ ಎಂದು ಎಣಿಸಿದವರಲ್ಲ. ಅವರದು ಮಳೆ ನಕ್ಷತ್ರಗಳ ಎಣಿಕೆ, ಒಂದೊಂದಕ್ಕೆ ಹದಿಮೂರು-ಹದಿನಾಲ್ಕು ದಿನ. ಉತ್ತರಿ, ಹಸ್ತ, ಚಿತ್ತಿ, ಸ್ವಾತಿ ಎಂದು ಮುಸ್ಲಿಮ್ ರೈತರೂ ಹೇಳುತ್ತಾರೆ. ಬೇರೆ ಹೇಳುವುದಾದರೂ ಏನನ್ನು? ಅರಬರಲ್ಲೂ ಇಂಥದೇ ಲೆಕ್ಕವಿತ್ತೆಂಬುದು ಹಲವರಿಗೆ ಗೊತ್ತಿಲ್ಲ. ‘ಅನ್ವಾ’ ಎಂಬ ಆ ಲೆಕ್ಕದಲ್ಲಿ 28 ಚಂದ್ರಮನೆಗಳು, ಒಂದೊಂದಕ್ಕೆ ಸುಮಾರು 13 ದಿನ. ಒಂಬತ್ತನೇ ಶತಮಾನದ ಇಬ್ನ್ ಕುತೈಬ ಇದರ ಮೇಲೆ ಒಂದು ಗ್ರಂಥವನ್ನೇ ಬರೆದ. 961ರ ಕೊರ್ಡೋಬಾದ ಪಂಚಾಂಗದಲ್ಲಿ ಈ ಎಣಿಕೆಯ ಪಕ್ಕದಲ್ಲೇ ನೆಡುವ, ಸವರುವ, ಕಸಿ ಕಟ್ಟುವ ಕೆಲಸಗಳು ತಿಂಗಳು ತಿಂಗಳಿಗೆ ಬರುತ್ತವೆ. ಅದರ ಕರ್ತೃಗಳೆಂದು ಹೇಳಲಾಗುವವರು ಇಬ್ಬರು: ಅರೀಬ್ ಇಬ್ನ್ ಸಅ್‌ದ್ ಎಂಬ ಮುಸ್ಲಿಮ್ ವಿದ್ವಾಂಸ, ರಬೀ ಇಬ್ನ್ ಜೈದ್ ಎಂಬ ಕ್ರೈಸ್ತ ಬಿಷಪ್. ಮಳೆಯನ್ನು ಕೊಟ್ಟದ್ದು ನಕ್ಷತ್ರ ಎನ್ನಬಾರದು, ಅದು ಅಲ್ಲಾಹನ ಕೃಪೆ ಎಂದು ಪ್ರವಾದಿಯವರು (ಸ) ಹುದೈಬಿಯಾದಲ್ಲಿ ತಿದ್ದಿದ್ದರು. ಆ ನಂಬಿಕೆಯನ್ನು ಬಿಟ್ಟು, ಕಾಲ ಎಣಿಸುವ ಸಾಧನವಾಗಿ ಮಾತ್ರ ಅನ್ವಾವನ್ನು ಅವರು ಉಳಿಸಿಕೊಂಡರು. ‘ಹಸ್ತ ಬಹಾರ್’ ಎನ್ನುವ ಕುಷ್ಟಗಿಯ ಬೆಳೆಗಾರ ಮಾಡುತ್ತಿರುವುದೂ ಅಷ್ಟನ್ನೇ.

ಈ ಹೆಸರುಗಳ ಹಿಂದೆ ಬದುಕಿನ ಪ್ರಶ್ನೆಯೂ ಇದೆ. 2000ದ ದಶಕದ ಉತ್ತರಾರ್ಧದಲ್ಲಿ ದುಂಡಾಣು ಅಂಗಮಾರಿ ರೋಗ ಉತ್ತರ ಕರ್ನಾಟಕದ ದಾಳಿಂಬೆಯನ್ನು ಬಡಿಯಿತು. ಕಾಯಿಯ ಮೇಲೆ ಕಪ್ಪು ಕಲೆ, ಆಮೇಲೆ ಬಿರುಕು. ಸಾಲ ಮಾಡಿ ಎಬ್ಬಿಸಿದ ತೋಟಗಳನ್ನು ಕಿತ್ತು ಹಾಕಿದವರು ಬಹಳ. ಈ ದುಂಡಾಣುವಿಗೆ ಮಳೆಗಾಲದ ತೇವವೇ ಹಬ್ಬ. ಹಾಗಾಗಿ ಮೃಗ ಬಹಾರ್ ಬಿಟ್ಟು ಹಸ್ತ ಬಹಾರ್ ಹಿಡಿಯಿರಿ ಎಂಬುದು ತಜ್ಞರ ಸಲಹೆಯಾಯಿತು. ಕಾಯಿ ದಪ್ಪವಾಗುವುದು ಒಣ ಚಳಿಯಲ್ಲಿ, ಕೊಯ್ಲು ಫೆಬ್ರವರಿಯಿಂದ ಮುಂದೆ. ಆದರೆ ನೀರು ನಿಲ್ಲಿಸಬೇಕಾದ ಹೊತ್ತಿಗೇ ಹಿಂಗಾರಿ ಮಳೆ ಸುರಿದರೆ ಗಿಡಕ್ಕೆ ಬಾಯಾರಿಕೆ ಹುಟ್ಟಿಸುವುದು ಹೇಗೆ? ಮಸಾರಿ ನೆಲ ಬೇಗ ಆರುತ್ತದೆ. ಎರೆ ನೆಲ ತೇವ ಹಿಡಿದುಕೊಂಡು ಕಾಡುತ್ತದೆ.

ಮಾವಿಗೂ ಇದೇ ಬಾಯಾರಿಕೆ ಬೇಕು. ಹೂ ಬರುವ ಮುನ್ನ ನೀರು ಕೊಟ್ಟರೆ ಗಿಡ ಹೂವಿನ ಬದಲು ಚಿಗುರು ಬಿಡುತ್ತದೆ. ಕಾಯಿ ಬಟಾಣಿ ಗಾತ್ರಕ್ಕೆ ಬಂದ ಮೇಲೆ ಮತ್ತೆ ನೀರು. ಜಿಗಿಹುಳು, ಬೂದಿರೋಗಕ್ಕೆ ಔಷಧಿ ಹೊಡೆಯುವುದಿದ್ದರೆ ಹೂ ಅರಳುವ ಮುಂಚೆಯೇ. ಅರಳಿದ ಮೇಲೆ ಹೊಡೆದರೆ ಪರಾಗ ಸಾಗಿಸುವ ನೊಣ, ಜೇನು ಸಾಯುತ್ತವೆ. ಈಗ ಕೊಪ್ಪಳಕ್ಕೆ ಹೆಸರು ತಂದಿರುವ ಕೇಸರ್ ತಳಿ ಜುನಾಗಡದಿಂದ ಬಂದದ್ದು. ಅಲ್ಲಿನ ನವಾಬ ಮೂರನೇ ಮಹಾಬತ್ ಖಾನ್ 1934ರಲ್ಲಿ ತಿರುಳಿನ ಬಣ್ಣ ನೋಡಿ ಆ ಹೆಸರಿಟ್ಟನೆನ್ನುತ್ತಾರೆ. ನದಿಯಾಚೆಯ ಹಡಗಲಿಯ ಮಲ್ಲಿಗೆಗೂ ಚಳಿ ಸವರುವ ಕಾಲವೇ.

ಗಂಗಾವತಿಯ ಕಥೆ ಬೇರೆ. ಆನೆಗೊಂದಿ, ಹುಲಗಿ, ಶಿವಪುರದ ವಿಜಯನಗರ ಕಾಲದ ಕಾಲುವೆಗಳು ಅಲ್ಲಿ ಇಂದಿಗೂ ಬಾಳೆ ಮತ್ತು ಭತ್ತಕ್ಕೆ ನೀರುಣಿಸುತ್ತವೆ. ಇನ್ನು ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಈ ದಂಡೆಯಲ್ಲಿ ನಿಜಾಮರ ಮಗ ಬೇರಾರಿನ ರಾಜಕುಮಾರ, ಆ ದಂಡೆಯಲ್ಲಿ ಮದ್ರಾಸಿನ ಗವರ್ನರ್ ಅಡಿಗಲ್ಲಿಟ್ಟರು. 1953ರಲ್ಲಿ ನೀರು ಹರಿಯಿತು. ಅಂದಿನಿಂದ ಗಂಗಾವತಿಯ ಚಳಿಗಾಲವೆಂದರೆ ಎರಡನೇ ಬೆಳೆಗೆ ಭತ್ತದ ಸಸಿಮಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಸೀಮೆ ನಿದ್ದೆಗೆಟ್ಟದ್ದು ಈ ಎರಡನೇ ಬೆಳೆಯ ಚಿಂತೆಯಿಂದಲೂ ಹೌದು.

ಧರ್ಮಶಾಸ್ತ್ರವೂ ಈ ನೀರಿನ ವ್ಯತ್ಯಾಸವನ್ನು ಕಂಡಿದೆ. ಮಳೆ, ಒರತೆಯಲ್ಲಿ ಬೆಳೆದದ್ದಕ್ಕೆ ಹತ್ತನೇ ಒಂದು ಪಾಲು ಉಶ್ರ್. ನೀರೆತ್ತಿ ಬೆಳೆದದ್ದಕ್ಕೆ ಅದರ ಅರ್ಧ. ಶ್ರಮಕ್ಕೆ ಸಂದ ರಿಯಾಯಿತಿ ಅದು. ಜಹಗೀರಿನ ಲೆಕ್ಕ ತದ್ವಿರುದ್ಧ: ಖುಷ್ಕಿಗಿಂತ ತರಿಗೆ, ಬಾಗಾಯ್ತಿಗೆ ಕಂದಾಯ ಹೆಚ್ಚು. ಅರಬ್ಬಿ-ಫಾರ್ಸಿ ಪದ ಕಂಡ ಕೂಡಲೇ ಅದನ್ನು ಇಸ್ಲಾಮಿನ ಲೆಕ್ಕಕ್ಕೆ ಹಚ್ಚುವವರು, ಹೊಗಳುವವರಾಗಲಿ ತೆಗಳುವವರಾಗಲಿ, ಇದನ್ನು ಗಮನಿಸಬೇಕು.

ಇನ್ನೊಂದು ವಿಷಯ ಬಾಗವಾನರಿಗೆ ಹತ್ತಿರದ್ದು. ಮಾವಿನ ತೋಪನ್ನು ಹೂವಿನಲ್ಲೇ ಗುತ್ತಿಗೆ ಹಿಡಿಯುವ ರೂಢಿ ಎಲ್ಲೆಡೆ ಇದೆ. ಡಿಸೆಂಬರ್-ಜನವರಿಯಲ್ಲಿ ಮಾತು, ಮುಂಗಡ. ಮರುವಾರವೇ ಮಂಜು ಕವಿದು ಹೂ ಕಪ್ಪಾದರೆ ಜಗಳ. ಹಣ್ಣಿನ ಹದ ಕಾಣಿಸಿಕೊಳ್ಳುವ ಮುನ್ನ ಮಾರಬೇಡಿ, ಫಸಲನ್ನು ಅಲ್ಲಾಹನೇ ತಡೆದರೆ ಸೋದರನ ಹಣವನ್ನು ಯಾವ ಹಕ್ಕಿನಿಂದ ತಿನ್ನುವಿರಿ ಎಂಬರ್ಥದ ಪ್ರವಾದಿ ವಚನ ಮದೀನಾದ ಖರ್ಜೂರದ ತೋಟಗಳಿಗಾಗಿ ಬಂದದ್ದು. ನಮ್ಮ ತೋಪುಗಳಲ್ಲಿ ಹೂವಿನ ಗುತ್ತಿಗೆ ಇನ್ನೂ ನಡೆದಿದೆ. ಮುಂಗಡದ ಅವಸರ ತೋಟದವನಿಗೆ, ತೋಪು ಕೈತಪ್ಪೀತೆಂಬ ಆತಂಕ ಹಿಡಿಯುವವನಿಗೆ.

ಚಾಂದ್ರಮಾನವೇನೂ ತೋಟದಿಂದ ಪೂರ್ತಿ ಹೊರಬಿದ್ದಿಲ್ಲ. ಅದು ಮಾರುಕಟ್ಟೆಯ ಬಾಗಿಲಿನಿಂದ ಒಳಬರುತ್ತದೆ. 2024ರಿಂದ 2026ರವರೆಗೆ ರಮಜಾನ್ ಫೆಬ್ರವರಿ-ಮಾರ್ಚ್‌ನಲ್ಲೇ ಆರಂಭವಾಯಿತು. ಡಿಸೆಂಬರ್ ಹೊತ್ತಿಗೆ ಹಾಕಿದ ಕಲ್ಲಂಗಡಿ, ಹಸ್ತ ಬಹಾರಿನ ದಾಳಿಂಬೆ ಎರಡೂ ಇಫ್ತಾರಿನ ತಟ್ಟೆಗೆ ಸರಿಯಾಗಿ ಸಿಕ್ಕವು. ಈ ಹೊಂದಿಕೆ ವರ್ಷಕ್ಕೆ ಹನ್ನೊಂದು ದಿನದಂತೆ ಜಾರುತ್ತಿದೆ. 2030ರಲ್ಲಿ ರಮಜಾನ್ ಎರಡು ಸಲ ಆರಂಭವಾಗಲಿದೆ: ಜನವರಿಯ ಮೊದಲ ವಾರ ಒಮ್ಮೆ, ಡಿಸೆಂಬರ್ ಕೊನೆಗೆ ಮತ್ತೊಮ್ಮೆ. ಹಸ್ತ ಬಹಾರಿನ ದಾಳಿಂಬೆ ಆಗಿನ್ನೂ ಗಿಡದಲ್ಲಿ ಹಸಿರು ಕಾಯಿ.